ಸಹಾಯ ಬೇಕು: ಒಂದೇ ಹೆಸರಿನ ಎರಡು ಫಂಕ್ಷನ್, ಹಳೆಯ ಲೆಕ್ಕ ಕೆಡದಂತೆ ಸರಿಪಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಧೋಳ ಭಾಗದ ಕಬ್ಬಿನ ಬಿಲ್ಲಿನ ಲೆಕ್ಕಕ್ಕೆ ಬಳಕೆಯಲ್ಲಿರುವ ಹಳೆಯ ಜಾವಾಸ್ಕ್ರಿಪ್ಟ್ ಕೋಡನ್ನು ನಾನೀಗ ನೋಡಿಕೊಳ್ಳುತ್ತಿದ್ದೇನೆ. ಅದರ ಒಂದೇ ಫೈಲಿನಲ್ಲಿ ‘ತೂಕಕಡಿತ’ ಎಂಬ ಫಂಕ್ಷನ್ ಎರಡು ಕಡೆ ಘೋಷಣೆಯಾಗಿದೆ. ಮೇಲಿನದು ರವದಿಯ (ಕಬ್ಬಿನ ಒಣಗರಿ) ಕಡಿತವನ್ನು ಶೇಕಡಾವಾರು ತೆಗೆಯುತ್ತದೆ. ಕೆಳಗಿನದು ಪ್ರತಿ ಟ್ರೇಲರಿಗೆ ಇಂತಿಷ್ಟು ಕಿಲೋ ಎಂದು ತೆಗೆಯುತ್ತದೆ.

ಸಾಮಾನ್ಯ ಸ್ಕ್ರಿಪ್ಟಿನಲ್ಲಿ ಘೋಷಣೆಗಳು ಮೊದಲೇ ಮೇಲಕ್ಕೆ ಸೇರುವುದರಿಂದ, ಎರಡರ ನಡುವೆ ಇರುವ ಕರೆಗಳಿಗೂ ಕೊನೆಯದೇ ಸಿಗುತ್ತದೆ, ಮತ್ತು ಈವರೆಗಿನ ಬಿಲ್ಲುಗಳೆಲ್ಲ ಅದರಂತೆಯೇ ಆಗಿವೆ. ಸ್ಟ್ರಿಕ್ಟ್ ಮೋಡ್ (ಭಾಷೆಯ ನಿಯಮಗಳನ್ನು ಬಿಗಿಗೊಳಿಸುವ ವಿಧಾನ) ಹಾಕಿದರೂ ಫೈಲಿನ ಮೇಲ್ಮಟ್ಟದಲ್ಲಿ ಇದಕ್ಕೆ ತಡೆಯಿಲ್ಲ. ಬ್ಲಾಕಿನ (ಇಫ್, ಫಾರ್ ಮೊದಲಾದವುಗಳ ಆವರಣದ) ಒಳಗಿದ್ದರೆ ಮಾತ್ರ ದೋಷ ಬರುತ್ತದೆ. ಆದರೆ ಜಾವಾಸ್ಕ್ರಿಪ್ಟಿನ 2015ರ ಆವೃತ್ತಿಯಲ್ಲಿ ಬಂದ ಮಾಡ್ಯೂಲಿಗೆ (ತನ್ನದೇ ಪ್ರತ್ಯೇಕ ವ್ಯಾಪ್ತಿಯಿರುವ ಫೈಲಿಗೆ) ಬದಲಾಯಿಸಿದ ಕೂಡಲೇ ಇಡೀ ಫೈಲು ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ಲುತ್ತದೆ. ಮಾಡ್ಯೂಲಿನ ಹೆಸರುಗಳು ತಾವಾಗಿ ಗ್ಲೋಬಲ್ ಆಗದ ಕಾರಣ, ಪುಟದ ಬಟನ್ನುಗಳು ಈ ಫಂಕ್ಷನ್ನನ್ನು ಗ್ಲೋಬಲ್ ಹೆಸರಿನಿಂದಲೇ ಕರೆಯುತ್ತಿರುವುದು ಇನ್ನೊಂದು ತೊಡಕು.

ಮೇಲಿನದಕ್ಕೆ ಬೇರೆ ಹೆಸರಿಟ್ಟು, ಕೆಳಗಿನದನ್ನು ವಿಂಡೋ ಆಬ್ಜೆಕ್ಟಿಗೆ (ಬ್ರೌಸರಿನಲ್ಲಿ ಗ್ಲೋಬಲ್ ಹೆಸರುಗಳು ಸಿಗುವ ಕಡೆ) ಕಟ್ಟಿದರೆ ಹಳೆಯ ಕರೆಗಳು ಉಳಿಯುತ್ತವೆ ಎಂದು ನನ್ನ ಅಂದಾಜು. ಮೇಲಿನದನ್ನು ಅಳಿಸಲು ಮನಸ್ಸಿಲ್ಲ, ಏಕೆಂದರೆ ರೈತರೊಂದಿಗಿನ ಮೂಲ ಒಪ್ಪಂದದ ಲೆಕ್ಕ ಅದೇ ಇರಬಹುದು. ಇಂಥ ಬದಲಾವಣೆ ಮಾಡಿದವರು, ಹಳೆಯ ಬಿಲ್ಲುಗಳೊಂದಿಗೆ ತಾಳೆ ನೋಡುವ ಪರೀಕ್ಷೆಯನ್ನು ಹೇಗೆ ಬರೆದಿರಿ, ಹೊಸ ಫೈಲುಗಳಲ್ಲಿ ಮಾತ್ರ ಒಂದೇ ಹೆಸರಿನ ಎರಡು ಘೋಷಣೆಗೆ, ಕೋಡಿನ ತಪ್ಪು ಹುಡುಕುವ ಸಾಧನವಾದ ಇಎಸ್‌ಲಿಂಟ್ ತಡೆ ಹಾಕುವುದು ಹೇಗೆ ಎಂಬುದನ್ನು ದಯವಿಟ್ಟು ತಿಳಿಸಿರಿ.