ಘಾಟಿಯ ಏರಿನಲ್ಲಿ ಎಂಜಿನ್ ಹೀಟ್ ಆಗುತ್ತಿದೆ: ಥರ್ಮೋಸ್ಟಾಟ್ ತೆಗೆಸಬೇಕೇ, ಬದಲಾಯಿಸಬೇಕೇ?

ಪ್ರಶ್ನೆ, ಹಾಸನದಿಂದ

ನನ್ನದು 11 ವರ್ಷ ಹಳೆಯ ಪೆಟ್ರೋಲ್ ಕಾರು. ಊರೊಳಗೆ ಓಡಿಸುವಾಗ ಯಾವ ತೊಂದರೆಯೂ ಇಲ್ಲ. ಕಳೆದ ವಾರ ಮಂಗಳೂರಿನಿಂದ ಮರಳುವಾಗ, ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಏರುತ್ತಿದ್ದಾಗ, ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೆ ಹೋಯಿತು. ಥರ್ಮೋಸ್ಟಾಟನ್ನೇ ತೆಗೆದುಹಾಕಿದರೆ ಮತ್ತೆ ಹೀಟ್ ಆಗುವುದಿಲ್ಲ ಎಂದು ಗ್ಯಾರೇಜಿನವರು ಹೇಳುತ್ತಾರೆ. ಹಾಗೆ ಮಾಡಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ, ಚಿಕ್ಕಮಗಳೂರಿನಿಂದ

ದಯವಿಟ್ಟು ತೆಗೆಸಬೇಡಿ. ಇದೇ ಸಲಹೆಯಂತೆ ನಾನು ಒಂದು ಇಡೀ ಚಳಿಗಾಲ ಥರ್ಮೋಸ್ಟಾಟ್ ಇಲ್ಲದೆ ಕಾರು ಓಡಿಸಿದ್ದೇನೆ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇರುವ ಬಾಗಿಲು ಅದು. ಅದರ ನಡುವಿನ ಪುಟ್ಟ ಲೋಹದ ಗುಂಡಿಯೊಳಗೆ ಮೇಣವಿರುತ್ತದೆ. ಕೂಲಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ, ಬಿಸಿಯೇರಿದಂತೆ ಮೇಣ ಕರಗಿ ಹಿಗ್ಗಿ, ಸ್ಪ್ರಿಂಗಿನ ಒತ್ತಡವನ್ನು ಮೀರಿ ವಾಲ್ವನ್ನು ತೆರೆಯುತ್ತದೆ, ತಣಿದಾಗ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. ಆ ಬಾಗಿಲೇ ಇಲ್ಲದಿದ್ದರೆ ನಮ್ಮ ಜನವರಿಯ ಮುಂಜಾವಿನಲ್ಲಿ ಎಂಜಿನ್ ಹದವಾದ ಬಿಸಿಗೆ ಬರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆಯೆಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ, ಉರಿಯದ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ನನ್ನ ಕಾರಿನ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯ ಬಣ್ಣದ ನೊರೆ ಕಟ್ಟಿತ್ತು. ಕೂಲಂಟ್ ಆಯಿಲಿಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಹೆದರಿದ್ದೆ, ಆದರೆ ಅದು ಎಂಜಿನ್ ಕಾಯದೆ ಒಳಗೇ ಉಳಿದ ತೇವವಾಗಿತ್ತು.

ಊರೊಳಗೆ ಸರಿಯಾಗಿದ್ದು ಏರಿನಲ್ಲಿ ಮಾತ್ರ ಹೀಟ್ ಆಗುತ್ತದೆಯೆಂದರೆ ವಾಲ್ವ್ ಅರ್ಧ ಮಾತ್ರ ತೆರೆಯುತ್ತಿರಬಹುದು. ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿಸಿ ಮನೆಯಲ್ಲೇ ಪರೀಕ್ಷಿಸಬಹುದು. ಬೇಡವಾದ ಪಾತ್ರೆಯೊಂದರಲ್ಲಿ ನೀರಿಟ್ಟು, ವಾಲ್ವಿನ ಅಂಚಿಗೆ ದಾರವೊಂದನ್ನು ಸಿಕ್ಕಿಸಿ, ಥರ್ಮೋಸ್ಟಾಟ್ ತಳಕ್ಕೆ ತಾಗದಂತೆ ಆ ದಾರದಿಂದಲೇ ನೀರಿನೊಳಗೆ ತೂಗುಬಿಡಿ, ಪಕ್ಕದಲ್ಲೇ ಅಡುಗೆಯ ಥರ್ಮಾಮೀಟರ್ ಇರಲಿ. ಥರ್ಮೋಸ್ಟಾಟಿನ ಮೇಲೆ 82 ಅಥವಾ 88 ಎಂಬಂತೆ ಒಂದು ಅಂಕಿ ಅಚ್ಚಾಗಿರುತ್ತದೆ. ಆ ಉಷ್ಣತೆಯ ಆಸುಪಾಸಿನಲ್ಲಿ ವಾಲ್ವ್ ಬಾಯಿಬಿಟ್ಟು ದಾರ ಜಾರಿ, ಥರ್ಮೋಸ್ಟಾಟ್ ತಳಕ್ಕೆ ಬೀಳಬೇಕು. ನನ್ನ ಹಳೆಯದು 93 ಡಿಗ್ರಿಗೆ ಬಿತ್ತು. ಎತ್ತಿ ನೋಡಿದರೆ ಉಗುರು ತೂರಿಸುವಷ್ಟು ಸಂದು ಮಾತ್ರ ಇತ್ತು. ಇಲ್ಲೊಂದು ಎಚ್ಚರಿಕೆಯ ಮಾತು: ವಾಲ್ವ್ ಪೂರ್ತಿ ತೆರೆಯಲು ಅಚ್ಚಾದ ಅಂಕಿಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಬಿಸಿ ಬೇಕು, ಆದರೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ನಮ್ಮ ಊರಿನಲ್ಲಿ ನೀರು 96, 97 ಡಿಗ್ರಿಗೇ ಕುದಿದುಬಿಡುತ್ತದೆ. ಆದ್ದರಿಂದ 88ರ ಥರ್ಮೋಸ್ಟಾಟ್ ತೆರೆದ ಪಾತ್ರೆಯಲ್ಲಿ ಪೂರ್ತಿ ತೆರೆಯಲಿಲ್ಲವೆಂದು ಅದನ್ನು ಎಸೆಯಬಾರದು. ತೆರೆಯಲು ತೊಡಗಿದ್ದು ಎಷ್ಟು ಡಿಗ್ರಿಗೆ ಎಂಬುದನ್ನೇ ನೋಡಬೇಕು.

ಹೊಸದನ್ನು ಹಾಕುವಾಗ ನಿಮ್ಮ ಕಾರಿಗೆ ಹೇಳಿದ ಅಂಕಿಯದ್ದನ್ನೇ ಹಾಕಿಸಿ. ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಸಾಮಾನ್ಯವಾಗಿ ಮೇಲ್ಮುಖವಾಗಿರಬೇಕು, ಗಾಳಿ ಹೊರಹೋಗುವ ದಾರಿ ಅದು. ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಹೊಸದೇ ಆಗಿರಲಿ. ಹೌಸಿಂಗಿನ ಬೋಲ್ಟುಗಳು ಸಣ್ಣವು, ಅವು ಕೂರುವುದು ಹೆಚ್ಚಾಗಿ ಅಲ್ಯೂಮಿನಿಯಮ್ಮಿನಲ್ಲಿ. ಬಲ ಹಾಕಿ ಬಿಗಿದರೆ ಥ್ರೆಡ್ ಕಿತ್ತುಬರುತ್ತದೆ.

ಉತ್ತರ, ಸಕಲೇಶಪುರದಿಂದ

ಮೇಲಿನವರ ಮಾತು ಸರಿ, ಆದರೆ ಥರ್ಮೋಸ್ಟಾಟ್ ಒಂದನ್ನೇ ಅನುಮಾನಿಸಬೇಡಿ. ನನ್ನ ಕಾರಿನಲ್ಲಿ ಅದನ್ನು ಬದಲಾಯಿಸಿದ ಮೇಲೂ ಘಾಟಿಯಲ್ಲಿ ಹೀಟ್ ಆಗುತ್ತಲೇ ಇತ್ತು. ಹಿಂದಿನ ಮಾಲೀಕರು ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿಸಿದ್ದರಿಂದ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿತ್ತು. ಈಗ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಸಮಪಾಲಾಗಿ ಬೆರೆಸಿ ಹಾಕುತ್ತೇನೆ. ರೇಡಿಯೇಟರ್ ಮುಚ್ಚಳವನ್ನೂ ನೋಡಿಸಿ: ಒಳಗಿನ ಒತ್ತಡವನ್ನು ಹಿಡಿದಿಟ್ಟು ಕೂಲಂಟ್ ಬೇಗ ಕುದಿಯದಂತೆ ಕಾಯುವುದು ಅದೇ.

ಉತ್ತರ, ಹಾಸನದಿಂದ

ಕೆಲಸ ಮುಗಿದ ಮೇಲೆ ಕೂಲಂಟಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವುದನ್ನು ಮರೆಯಬೇಡಿ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆರೆದು ಕೂಲಂಟ್ ತುಂಬಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಚಾಲೂ ಮಾಡಿ ಗುಳ್ಳೆಗಳು ನಿಲ್ಲುವವರೆಗೂ ಕಾಯಬೇಕು. ಕೆಲವು ಕಾರುಗಳಲ್ಲಿ ಇದಕ್ಕೆ ಬೇರೆಯೇ ಸ್ಕ್ರೂ ಇರುತ್ತದೆ. ಆ ದಿನ ಊರ ಹತ್ತಿರವೇ ಓಡಿಸಿ, ಮರುದಿನ ಬೆಳಿಗ್ಗೆ ಮಟ್ಟ ನೋಡಿ. ನನ್ನದು ಅರ್ಧ ಲೀಟರಿನಷ್ಟು ಇಳಿದಿತ್ತು.

ಇದೆಲ್ಲ ಆಗುವವರೆಗೆ ಘಾಟಿ ಹತ್ತಲೇಬೇಕಾಗಿ ಬಂದು ಮುಳ್ಳು ಏರತೊಡಗಿದರೆ, ಎಸಿ ಆರಿಸಿ ಹೀಟರನ್ನೂ ಅದರ ಫ್ಯಾನನ್ನೂ ಪೂರ್ತಿ ಹಾಕಿ; ಎಂಜಿನ್ನಿನ ಬಿಸಿ ಒಂದಷ್ಟು ಆ ದಾರಿಯಲ್ಲಿ ಹೊರಬರುತ್ತದೆ. ಅಗಲವಾದ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ ಬಾನೆಟ್ ಎತ್ತಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ತಣಿಯಲು ಬಿಡಿ. ಎಷ್ಟೇ ಅವಸರವಿದ್ದರೂ ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ.