ತಾತನ .30-06 ರೈಫಲ್: ಚೇಂಬರ್ ಕೊರೆಸುವುದೇ, ಬಿಡುವುದೇ?

ಪ್ರಶ್ನೆ, ಮಳವಳ್ಳಿ ಕಡೆಯಿಂದ

ತಾತನ ಕಾಲದ .30-06 ರೈಫಲ್ (ಅದು ಹಾರಿಸುವ ತೋಟಾದ ಹೆಸರು) ಈಗ ನನ್ನ ಪರವಾನಗಿಗೆ ಸೇರಿದೆ. ಮೌಸರ್ 98 ಮಾದರಿಯ ಬೋಲ್ಟ್, ಅಂದರೆ ಕೈಯಿಂದ ಎಳೆದು ಮುಚ್ಚುವ ಹಿಂಬದಿಯ ಅಗುಳಿ. ದುರ್ಬೀನು ಇಲ್ಲ, ನಳಿಗೆಯ ಮೇಲಿನ ಗುರಿಮೊನೆಯೇ ಗತಿ. ಕಬ್ಬಿಗೆ ಹಂದಿ ಕಾಟ ವಿಪರೀತ. ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡನ್ನು, ಅಂದರೆ ಚೇಂಬರನ್ನು, ಕೊರೆಸಿ ‘ಅಕ್ಲಿ ಇಂಪ್ರೂವ್ಡ್’ ಮಾಡಿಸಿದರೆ ಗುಂಡಿನ ವೇಗ ಹೆಚ್ಚುತ್ತದೆ, ಈಗಿನ ತೋಟಾಗಳನ್ನೂ ಹಾರಿಸಬಹುದು ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಮಾಡಿಸಿದವರು, ಕಂಡವರು ಇದ್ದರೆ ದಯವಿಟ್ಟು ತಿಳಿಸಿ.

ಮೈಸೂರಿನವನು, ಸದ್ಯ ಅಮೆರಿಕದ ಮಿನ್ನೆಸೋಟಾದಲ್ಲಿ

ಅಣ್ಣ, ನಾನು ಇಲ್ಲಿ .257 ರಾಬರ್ಟ್ಸ್ ಎಂಬ ಬೇರೆ ತೋಟಾದ ರೈಫಲೊಂದನ್ನು ಹೀಗೆಯೇ ಮಾಡಿಸಿ ಜಿಂಕೆ ಬೇಟೆಗೆ ಬಳಸುತ್ತಿದ್ದೇನೆ. ನನಗೆ ಅದು ತುಂಬ ಇಷ್ಟ. ಆದರೂ ನಿಮಗೆ ಬೇಡ ಎನ್ನುತ್ತೇನೆ.

ಅಕ್ಲಿ ಎಂಬ ಅಮೆರಿಕದ ಕೋವಿ ಕೆಲಸಗಾರರು ಮಾಡಿದ್ದೇನೆಂದರೆ, ಹಿತ್ತಾಳೆ ಚಿಪ್ಪಿನ ಮೈ ಮುಂದಕ್ಕೆ ಸಪೂರವಾಗುತ್ತ ಹೋಗುವುದನ್ನು ತಗ್ಗಿಸಿ, ಕತ್ತಿನ ಬುಡದ ಇಳಿಜಾರನ್ನು, ಅಂದರೆ ಹೆಗಲನ್ನು, 40 ಡಿಗ್ರಿಗೆ ಕಡಿದಾಗಿಸಿದರು. ನಿಮ್ಮ .30-06ರ ಮೂಲ ಹೆಗಲು 17.5 ಡಿಗ್ರಿ. ಇದರಿಂದ ಒಳಗೆ ಮದ್ದಿಗೆ ಸ್ವಲ್ಪ ಹೆಚ್ಚು ಜಾಗ ಸಿಗುತ್ತದೆ. ಹೊಸ ಚೇಂಬರಿನಲ್ಲಿ ಮಾಮೂಲಿ ತೋಟಾ ಹಾರಿಸಿದಾಗ ಚಿಪ್ಪು ಹಿಗ್ಗಿ ಆ ಆಕಾರ ತಾಳುತ್ತದೆ, ನಿಜ. ಆದರೆ ಆ ಹೊಡೆತದಲ್ಲಿ ವೇಗ ಹೆಚ್ಚುವುದಿಲ್ಲ, ತುಸು ಇಳಿಯಲೂಬಹುದು. ಲಾಭ ಬರುವುದು ಹಿಗ್ಗಿದ ಚಿಪ್ಪನ್ನು ಎತ್ತಿಟ್ಟುಕೊಂಡು, ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಹೆಚ್ಚು ಮದ್ದು ಅಳೆದು, ಗುಂಡು ಸೇರಿಸಿ ನಾವೇ ಮತ್ತೆ ತುಂಬಿಕೊಂಡಾಗ. ಇಲ್ಲಿ ಮದ್ದು, ಪ್ರೈಮರ್ ಅಂಗಡಿಯಲ್ಲಿ ಸಿಗುತ್ತವೆ. ಚಳಿಗಾಲದ ಸಂಜೆಗಳಲ್ಲಿ ನನಗೆ ಅದೇ ಕೆಲಸ. ಮಳವಳ್ಳಿಯಲ್ಲಿ ನೀವು ಏನು ಮಾಡುತ್ತೀರಿ?

ಲಾಭವಾದರೂ ಎಷ್ಟು? ಹಾರಿಸುವಾಗ ಒಳಗಿನ ಅನಿಲದ ಒತ್ತಡ ಮೊದಲಿನಷ್ಟೇ ಇದ್ದರೆ, ಚಿಪ್ಪಿನ ಒಳಜಾಗ ಹೆಚ್ಚಿದ ಶೇಕಡಾವಾರಿನ ಕಾಲುಭಾಗದಷ್ಟು ವೇಗ ಹೆಚ್ಚುತ್ತದೆ ಎಂಬುದು ತೋಟಾ ತುಂಬುವವರ ಅಂದಾಜು. ನಿಮ್ಮದರಲ್ಲಿ ಜಾಗ ಶೇ 6ರಷ್ಟು ಹೆಚ್ಚಿತೆಂದೇ ಇಟ್ಟುಕೊಳ್ಳಿ. ಸೆಕೆಂಡಿಗೆ 2,700 ಅಡಿ ವೇಗದ 180 ಗ್ರೇನ್ ತೂಕದ ಗುಂಡಿಗೆ ಸಿಗುವುದು ಸುಮಾರು 40 ಅಡಿ. ನೂರಾರು ಅಡಿ ಸಿಕ್ಕಿತು ಎನ್ನುವವರು ಒತ್ತಡವನ್ನೂ ಏರಿಸಿರುತ್ತಾರೆ. ರಾಬರ್ಟ್ಸ್ ಸಂಗತಿ ಬೇರೆ. ಅದರ ಕಾರ್ಖಾನೆ ತೋಟಾಗಳನ್ನು ಮೊದಲಿನಿಂದಲೂ ಕಡಿಮೆ ಒತ್ತಡಕ್ಕೆ ತುಂಬುತ್ತಾರೆ, ಹಾಗಾಗಿ ಏರಿಸಲು ಅವಕಾಶವಿದೆ.

ಮದ್ದೂರಿನಿಂದ

ತಮ್ಮಾ, ತೋಟಾವನ್ನು ಮನೆಯಲ್ಲಿ ತುಂಬುವುದೂ ಕಾಯ್ದೆಯ ಕಣ್ಣಿಗೆ ಮದ್ದುಗುಂಡು ತಯಾರಿಕೆಯೇ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆ ಬೇರೆ ಪರವಾನಗಿ ಬೇಕು. ಕೋವಿಯನ್ನು ಮಾರ್ಪಡಿಸುವವನಿಗೂ ಬೇಕು. ನಿನ್ನ ಪರವಾನಗಿ ಪುಸ್ತಕದಲ್ಲಿ .30-06 ಎಂದು ಬರೆದಿರುವಾಗ ಚೇಂಬರ್ ಮಾತ್ರ ಬೇರೆಯಾದರೆ, ನಾಳೆ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವನು ನೀನು. ಸಲಹೆ ಕೊಟ್ಟವರು ಆಗ ಜೊತೆಗೆ ಬರುವುದಿಲ್ಲ. ಏನೇ ಮಾಡುವುದಿದ್ದರೂ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳು. ಹಂದಿಯ ವಿಷಯವೂ ಅಷ್ಟೆ: 1972ರ ವನ್ಯಜೀವಿ ಕಾಯ್ದೆ ಇರುವಾಗ, ಬೆಳೆ ಹಾಳಾಯಿತೆಂದು ಅನುಮತಿಯಿಲ್ಲದೆ ಹೊಡೆಯುವಂತಿಲ್ಲ.

ಇನ್ನೊಂದು ಮಾತು. ನಮ್ಮದು ನಾಲೆಯ ಬಯಲು. ಕಬ್ಬಿನ ಆಚೆ ಏರಿ, ಏರಿಯ ಮೇಲೆ ರಾತ್ರಿ ನೀರು ಕಟ್ಟಲು ಹೋಗುವವರು, ಅದರಾಚೆ ತೋಟದ ಮನೆ. .30-06 ಗುಂಡು ಎತ್ತರಿಸಿ ಹಾರಿದರೆ ಮೂರು ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತದೆ. ಗದ್ದೆಯಲ್ಲಿ ಹಂದಿ ಕಾಣುವುದೇ ಐವತ್ತು, ಅರವತ್ತು ಗಜದಲ್ಲಿ. ಅಲ್ಲಿ ವೇಗ ಕಡಿಮೆಯಾಯಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮೈಸೂರಿನಿಂದ; ತಂದೆ ಕೋವಿ ದುರಸ್ತಿ ಮಾಡುತ್ತಿದ್ದರು

ಕೊರೆಯುವ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ, ಅಪಾಯವಿರುವುದು ಅಲ್ಲಿಯೇ. ಮಾಮೂಲಿ ತೋಟಾವೂ ಸುರಕ್ಷಿತವಾಗಿ ಹಾರಬೇಕಾದರೆ, ಅಕ್ಲಿ ಚೇಂಬರಿನ ಗೇಜ್ ಅಳತೆ (ಮುಚ್ಚಿದ ಬೋಲ್ಟಿನಿಂದ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಉದ್ದ) ಮೂಲಕ್ಕಿಂತ ಅಂಗುಲದ ಸಾವಿರದಲ್ಲಿ ನಾಲ್ಕು ಭಾಗ ಕಡಿಮೆ ಇರಬೇಕು. ಆಗ ತೋಟಾ ಕತ್ತು ಮತ್ತು ಹೆಗಲು ಕೂಡುವ ಜಾಗದಲ್ಲಿ ಒತ್ತಿಕೊಂಡು ಬಿಗಿಯಾಗಿ ಕೂರುತ್ತದೆ. ಇದಕ್ಕಾಗಿ ನಳಿಗೆಯನ್ನು ಬಿಚ್ಚಿ, ಹಿಂಬದಿಯನ್ನು ತಿರುಪಿನ ಒಂದು ಥ್ರೆಡ್‌ನಷ್ಟು ಲೇತ್‌ನಲ್ಲಿ ತೆಗೆದು, ಮತ್ತೆ ತಿರುಗಿಸಿ ಕೂರಿಸಿ, ಆಮೇಲೆ ಚೇಂಬರ್ ಕೊರೆಯುವ ಉಪಕರಣವಾದ ರೀಮರ್ ಹಾಕಬೇಕು. ಮೌಸರ್ 98ರಲ್ಲಿ ಅಂಗುಲಕ್ಕೆ 12 ಥ್ರೆಡ್; ಒಂದು ಪೂರ್ಣ ಸುತ್ತಿಗೆ ನಳಿಗೆ 2 ಮಿ.ಮೀ.ಗಿಂತ ತುಸು ಹೆಚ್ಚು ಹಿಂದೆ ಸರಿಯುತ್ತದೆ. ಪೂರ್ಣ ಸುತ್ತೇ ಆಗಬೇಕು, ಇಲ್ಲದಿದ್ದರೆ ನಿಮ್ಮ ಗುರಿಮೊನೆ ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ.

ನಳಿಗೆ ಬಿಚ್ಚದೆ ರೀಮರ್ ತೂರಿಸಿ ಕೊಡುತ್ತೇನೆ ಎನ್ನುವವರ ಹತ್ತಿರ ಹೋಗಲೇಬೇಡಿ. ತೋಟಾ ಸಡಿಲವಾಗಿ ಕೂತರೆ ಚಿಪ್ಪು ಬುಡದ ಹತ್ತಿರ ಹಿಗ್ಗಿ ಹರಿಯುತ್ತದೆ, ಬಿಸಿ ಅನಿಲ ಬೋಲ್ಟಿನ ಕಡೆಗೆ ನುಗ್ಗುತ್ತದೆ. ನಿಮ್ಮ ಕಣ್ಣು ಇರುವುದೂ ಅದೇ ಕಡೆ.

ತಾತನ ಕೋವಿಗೆ ಒಳ್ಳೆಯದು ಮಾಡುವ ಮನಸ್ಸಿದ್ದರೆ ಪರವಾನಗಿ ಇರುವ ಅಂಗಡಿಗೆ ಒಯ್ದು ನಳಿಗೆಯ ಒಳಗನ್ನು ತೋರಿಸಿ. ಹಳೆಯ ಸೇನಾ ತೋಟಾಗಳ ಪ್ರೈಮರ್ ಬಿಟ್ಟುಹೋಗುವ ಉಪ್ಪು ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟ ಕೋವಿಗಳನ್ನು ತಿಂಗಳುಗಟ್ಟಲೆ ಯಾರೂ ಒರೆಸಿರುವುದಿಲ್ಲ. ಚೇಂಬರಿನ ಮುಂದೆ ಗುಂಡನ್ನು ತಿರುಗಿಸುವ ಒಳಗೆರೆಗಳು ಶುರುವಾಗುವ ಜಾಗ ಸವೆದಿದೆಯೇ, ಗುಂಡು ಹೊರಬೀಳುವ ನಳಿಗೆಯ ಬಾಯಿಯ ಅಂಚು ಸಮನಾಗಿದೆಯೇ, ಈಗಿನ ಚೇಂಬರ್ ಗೇಜಿಗೆ ಸರಿಯಾಗಿದೆಯೇ, ಇಷ್ಟನ್ನು ನೋಡಿಸಿ. ಬಾಯಿಯ ಅಂಚು ಜಜ್ಜಿದ್ದರೆ ಅದನ್ನು ಸರಿಪಡಿಸುವುದು ಸಣ್ಣ ಕೆಲಸ, ಗುಂಡು ಬೀಳುವ ಜಾಗದಲ್ಲಿ ವ್ಯತ್ಯಾಸ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಆ ಮೇಲೆ ಒಂದೇ ಬಗೆಯ ತೋಟಾಗಳನ್ನು ತಂದು, ಗುಂಡು ಹಾರಿಸಲು ಅನುಮತಿ ಇರುವ ಜಾಗದಲ್ಲಿ ಮರಳುಚೀಲದ ಮೇಲಿಟ್ಟು 50 ಮೀಟರಿಗೆ ಗುರಿ ಹೊಂದಿಸಿಕೊಳ್ಳಿ.