‘ಹಿಚ್‌ಹೈಕರ್ಸ್ ಗೈಡ್’ ಮತ್ತೊಮ್ಮೆ ಓದಿದೆ, ಮುಂದಿನ ಭಾಗ ಎಲ್ಲಿತನಕ ಓದಲಿ?

ಘಟಪ್ರಭಾ ದಂಡಿ, ಬಾಗಲಕೋಟೆ:

ಡಗ್ಲಾಸ್ ಆಡಮ್ಸ್ ಅವರ ‘ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’ ನಾ ಮೊದಲ ಓದಿದ್ದು ಡಿಗ್ರಿಯೊಳಗಿದ್ದಾಗ, ಹಳೇ ಬಾಗಲಕೋಟಿ ಮನ್ಯಾಗ. ಆ ಮನಿ ಆಲಮಟ್ಟಿ ಹಿನ್ನೀರಿಗೆ ಹೋತು, ನಾವು ನವನಗರಕ್ಕ ಬಂದ್ವಿ. ಮೊನ್ನೆ ಮಗಳು ಅದ ಪುಸ್ತಕ ತಂದಿದ್ಲು, ಮತ್ತ ಹಿಡದೆ.

ಬೈಪಾಸ್ ರಸ್ತೆ ಸಲುವಾಗಿ ಕಥಾನಾಯಕ ಆರ್ಥರ್ ಡೆಂಟ್‌ನ ಮನಿ ಕೆಡವಾಕ ಬುಲ್ಡೋಜರ್ ಬಂದೈತಿ, ಅವ ಅದರ ಮುಂದ ಕೆಸರಾಗ ಅಡ್ಡ ಮಲಗ್ಯಾನ. ನಕಾಶೆ ಒಂಬತ್ತು ತಿಂಗಳಿಂದ ಆಫೀಸಿನ್ಯಾಗ ಇತ್ತಲ್ಲ ಅಂತಾನ ಅಧಿಕಾರಿ. ಇಟ್ಟಿದ್ದೆಲ್ಲಿ? ನೆಲಮಾಳಿಗ್ಯಾಗ, ಬಳಕಿ ಇಲ್ಲದ ಪಾಯಖಾನಿಯೊಳಗ, ಕೀಲಿ ಹಾಕಿದ ಕಪಾಟಿನ ತಳದಾಗ, ಬಾಗಲಿಗೆ ‘ಚಿರತಿ ಐತಿ, ಹುಷಾರ್’ ಅಂತ ಬೋರ್ಡು. ಸ್ವಲ್ಪ ಹೊತ್ತಿಗೆ ಬ್ಯಾರೆ ಗ್ರಹದ ವೋಗಾನ್‌ರು ಬಂದು ಇಡೀ ಭೂಮಿನ ಅದ ಕಾರಣಕ್ಕ ಕೆಡವತಾರ. ಅವರ ನಕಾಶೆ 50 ವರ್ಷದಿಂದ ದೂರದ ನಕ್ಷತ್ರಲೋಕ ಆಲ್ಫಾ ಸೆಂಟಾರಿಯೊಳಗ ಇತ್ತಂತ! ಆವಾಗ ಹೊಟ್ಟಿ ಹಿಡಕೊಂಡು ನಕ್ಕಿದ್ದೆ. ಈಗೂ ನಕ್ಕೆ, ಆದ್ರ ಆರ್ಥರ್‌ನ ಬಾಜೂಕ ಮಲಗಿ ನಕ್ಕಂಗಾತು.

ನನ್ನ ಹಿಡದು ನಿಲ್ಲಿಸಿದ್ದು ಮುಂದಿಂದು. ಭೂಮಿ ಹೋಗೇತಿ ಅನ್ನೋದು, ಹೆಂಗೋ ಪಾರಾದ ಆರ್ಥರ್‌ನ ಮನಸಿಗೆ ಇಳಿಯವಲ್ದು. ಅಪ್ಪ, ಅವ್ವ, ಒಡಹುಟ್ಟಿದಾಕಿ ಇಲ್ಲ ಅಂತ ನೆನಸ್ತಾನ, ಏನೂ ಆಗೂದಿಲ್ಲ. ಎರಡು ದಿನದ ಹಿಂದ ಅಂಗಡಿ ಪಾಳೇದಾಗ ತನ್ನ ಮುಂದ ನಿಂತಿದ್ದ ಗುರುತಿಲ್ಲದ ಮನಿಶಾನ ನೆನಸಿದ ಕೂಡ್ಲೆ ಚುಚ್ಚತೈತಿ. ಕಡೀಕ ಮ್ಯಾಕ್‌ಡೊನಾಲ್ಡ್ಸ್ ಹ್ಯಾಂಬರ್ಗರ್ ಇನ್ನಿಲ್ಲ ಅಂತ ಹೊಳದಾಗ ಎಚ್ಚರ ತಪ್ಪತಾನ.

ಇದು ಖರೇ ಐತ್ರಿ. ಊರು ಮುಳುಗಿತು ಅಂದ್ರ ನನಗ ಏನೂ ಆಗೂದಿಲ್ಲ. ಆಲಮಟ್ಟಿ ನೀರಿನ ಮಟ್ಟ 519.60 ಮೀಟರ್ ಅಂದ್ರೂ ಅಷ್ಟ. ನಮ್ಮ ಓಣಿ ಗಿರಣ್ಯಾಗ ಒಬ್ಬಾಕಿ ಮುದುಕಿ ಜ್ವಾಳದ ಬುಟ್ಟಿ ಇಟಗೊಂಡು ಕುಂದ್ರತಿದ್ಲು. ಮುಂದಿನವರು ಗೋದಿ ಬೀಸಿಸಿದ್ರ ತನ್ನ ಪಾಳಿ ಬಂದ್ರೂ ಏಳತಿದ್ದಿಲ್ಲ, ಇನ್ನೊಬ್ಬರ ಜ್ವಾಳ ಬಿದ್ದ ಮ್ಯಾಲ ತಂದು ಹಾಕತಿದ್ಲು. ಹೆಸರ ನನಗ ಗೊತ್ತಿಲ್ಲ. ಆಕಿ ನವನಗರದ ಯಾವ ಸೆಕ್ಟರ್‌ಗೆ ಹೋದ್ಲೋ ಅಂತ ಆ ಪುಟದಾಗ ಅನಿಸಿ ಪುಸ್ತಕ ಮುಚ್ಚಿಟ್ಟೆ. ಇಪ್ಪತ್ತರ ವಯಸ್ಸಿಗೆ ಹ್ಯಾಂಬರ್ಗರ್ ಬರೇ ಚಾಷ್ಟಿ ಆಗಿತ್ತು.

ಆಡಮ್ಸ್ ಒಟ್ಟು ಐದು ಭಾಗ ಬರದಾರ. ನಗುವಿನೊಳಗಿನ ಈ ನೋವು ಮುಂದೂ ಇದ ಹದದಾಗ ಇರತೈತೇನ್ರಿ?

ಗುಮ್ಮಟದ ಓದುಗ, ವಿಜಯಪುರ:

ಸರ, ಎರಡನೇದು ಓದಲೇಬೇಕ್ರಿ. ಮೊದಲನೇದು ನಡುವ ಕತ್ತರಿಸಿದಂಗ ನಿಲ್ಲತೈತಿ, ಅದಕ್ಕ ಕಾರಣ ಐತಿ. ಈ ಕಥಿ 1978ರಾಗ ಬಿಬಿಸಿ ರೇಡಿಯೊ 4ರಾಗ ನಾಟಕಾಗಿ ಬಂದಿತ್ತು. ಅದರ ಮೊದಲ ನಾಕು ಕಂತಿನ ಕಥಿ ಅಷ್ಟ 1979ರ ಪುಸ್ತಕದಾಗ ಬಂತು. ಮಾತು ಕಿವಿಗೆ ಕೇಳಿದಂಗ ಓಡೂದು ಅದಕ್ಕ. 1992ರ ಐದನೇದು ಮಾತ್ರ ಭಾಳ ಕತ್ತಲಿ. ಈಗಿನ ಮನಸಿನ್ಯಾಗ ಅದನ್ನ ಹಿಡೀಬ್ಯಾಡ್ರಿ, ಎರಡಕ್ಕ ನಿಲ್ಲಿಸ್ರಿ.

ಟಿಳಕವಾಡಿಯಾಕಿ, ಬೆಳಗಾವಿ:

ಎರಡಕ್ಕ ನಿಲ್ಲಿಸ್ರಿ ಅನ್ನೋದು ನಾ ಒಪ್ಪೂದಿಲ್ಲ. ಅಣ್ಣಾರ, ನಿಮಗ ಬೇಕಾಗಿದ್ದು 1984ರ ನಾಲ್ಕನೇದು. ಅದರಾಗ ಆರ್ಥರ್ ತಿರುಗಿ ಬರತಾನ, ಭೂಮಿ ಐತಿ, ಕೆಡವಬೇಕಾಗಿದ್ದ ಅವನ ಮನೀನೂ ನಿಂತೈತಿ. ಹೆಂಗ ಅಂತ ನಾ ಹೇಳಂಗಿಲ್ಲ. ನನ್ನ ತವರು ಮನೀನೂ ಈಗ ಇಲ್ಲ. ಅವ ಕದ ತಗದು ಒಳಗ ಹೋಗೂದು ಓದುವಾಗ ಅತ್ತೀನಿ. ಮಾರ್ವಿನ್‌ನ್ನೂ ಈ ಸಲ ಲಕ್ಷ್ಯ ಕೊಟ್ಟು ನೋಡ್ರಿ. ಆ ರೋಬೋ ಬರೇ ಗೊಣಗತೈತಿ ಅಂತ ನಕ್ಕು ಬಿಡತೀವಿ. ಮೊದಲನೇ ಪುಸ್ತಕದ ಕಡೀಕ ಎಲ್ಲಾರೂ ಉಳಿಯೂದು ಅದರ ಬ್ಯಾಸರದ ಮಾತಿನಿಂದ.

ಘಟಪ್ರಭಾ ದಂಡಿ:

ಅಕ್ಕಾರ, ನಿಂತಿರೋ ಮನಿ ಬಗ್ಗೆ ಓದಾಕ ಎದಿ ಗಟ್ಟಿ ಬೇಕ್ರಿ. ಆದ್ರೂ ಓದತೀನಿ. ಮೂರನೇದು ಬಿಟ್ಟು ಸೀದಾ ನಾಲ್ಕಕ್ಕ ಹೋದ್ರ ನಡೀತೈತೇನು?

ಟಿಳಕವಾಡಿಯಾಕಿ:

ಬಿಡಬ್ಯಾಡ್ರಿ. ಆರ್ಥರ್ ಹಾರಾಕ ಕಲಿಯೂದು ಮೂರನೇದ್ರಾಗ, ನಾಲ್ಕನೇದ್ರಾಗ ಅದು ಬೇಕಾಗತೈತಿ. ಎರಡೂ ನನ್ನ ಹತ್ರ ಅದಾವ. ಬಾಗಲಕೋಟಿ ಕಡೆ ಬರವರು ಯಾರರ ಇದ್ರ ಕಳಸ್ತೀನಿ.